ಯಜಮಾನರ ಹೆಸರು

ತಾಲ್ಲೂಕು ಕಚೇರಿಯ ಹಳೆಯ ಜನಗಣತಿ ಪುಸ್ತಕದಲ್ಲಿ ಹೆಸರಿನ ಮೇಲೆ ಬೆರಳಿಟ್ಟರೆ, ಅಂದು ಬರೆಸಿದವರೇ ಮಾತಾಡುತ್ತಿದ್ದರು. ಒಂದೇ ಸಲ, ಮೂರು ನಿಮಿಷ. ಹಾಸಿಗೆ ಹಿಡಿದ ಅಪ್ಪನ ದನಿಯೂ ಹಾಗೆ ಉಳಿಯಬೇಕಾದರೆ ಅರ್ಜಿಯಲ್ಲಿ ಅವರ ಅಜ್ಜನ ಹೆಸರು ಬೇಕೇಬೇಕೆಂದು ಗುಮಾಸ್ತರು ಮಂದಾಕಿನಿಗೆ ಹೇಳಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಆ ಅಜ್ಜನ ಹೆಂಡತಿ, ಮುತ್ತಜ್ಜಿ ಚಿಕ್ಕೀರಮ್ಮನ ಹೆಸರಿನ ಮುಂದೆ ‘ಗಂಡ ಮನೆಯಲ್ಲಿಲ್ಲ’ ಎಂದಷ್ಟೇ ಇತ್ತು. ಮಂದಾಕಿನಿ ಅಲ್ಲಿ ಬೆರಳಿಟ್ಟಳು.

“ನಿಮ್ಮ ಯಜಮಾನರ ಹೆಸರು ಹೇಳಿ, ಅಜ್ಜಿ.”

“ಅಜ್ಜಿಯಂತೆ. ನಂಗಿನ್ನೂ ಹದಿನೆಂಟು ಕಣವ್ವ,” ಎಂದು ದನಿ ನಕ್ಕಿತು. “ಗಂಡನ ಹೆಸ್ರು ಬಾಯಲ್ಲಿ ಅಂದ್ರೆ ಅವರ ಆಯಸ್ಸು ಕಮ್ಮಿ ಆಯ್ತದೆ. ಸಂತೆಗೋಗವ್ರೆ, ಬಂದ್ಮೇಲೆ ಅವರನ್ನೇ ಕೇಳು.”

ಅವರು ಸತ್ತು ನೂರು ವರ್ಷವಾಯಿತು ಎಂದುಬಿಟ್ಟರೆ ಸಾಕಿತ್ತು, ಹೆಸರು ಹೇಳಲು ಮುತ್ತಜ್ಜಿಗೆ ಅಂಜಿಕೆಯಿರುತ್ತಿರಲಿಲ್ಲ. ಮಂದಾಕಿನಿ ಬಾಯಿ ತೆರೆದಳು.

“ಬಸುರಿ ನೋಡು, ಮಾವಿನಕಾಯಿ ತಿನ್ನೋ ಬಯಕೆ ಅಂದಿದ್ದೆ,” ಎಂದಿತು ದನಿ, ಮೆಲ್ಲಗೆ. “ಅದನ್ನ ತರೋಕೇ ಹೋಗವ್ರೆ. ಕೂತ್ಕೊ, ಇನ್ನೇನು ಬಂದ್ಬುಡ್ತಾರೆ.”

“ಆಗ್ಲಿ, ಕೂತಿರ್ತೀನಿ,” ಎಂದಳು ಮಂದಾಕಿನಿ.

ಮೂರನೆಯ ನಿಮಿಷ ಮುಗಿಯಿತು. ಗುಮಾಸ್ತರು ಅಪ್ಪನ ಅರ್ಜಿಯನ್ನು ವಾಪಸು ಕೊಟ್ಟರು.