ನಿದ್ದೆ ನಲ್ಲಿಯ ರಿಪೇರಿ

ಆ ಓಣಿಯ ನಲ್ಲಿಗಳಲ್ಲಿ, ನೀರು ಬಿಟ್ಟ ಹಾಗೆ, ನಿದ್ದೆ ಬಿಡುವುದು ವಾರಕ್ಕೊಮ್ಮೆ. ಜ್ವರದಿಂದ ಕಣ್ಣು ಮುಚ್ಚದ ಕೂಸಿಗೆಂದು ಫಕೀರೇಶನ ಮನೆಯ ಟಾಕಿಯಲ್ಲಿ ಉಳಿಸಿದ್ದ ನಿದ್ದೆ ತೊಟ್ಟಿಕ್ಕಿ ಹೋಗುತ್ತಿತ್ತು. ಬೆಳಿಗ್ಗೆ ನಲ್ಲಿಗೆ ಸುತ್ತಿದ್ದ ಬಟ್ಟೆ ತೊಯ್ದು ತೊಪ್ಪೆಯಾಗಿತ್ತು. ಫಕೀರೇಶ ಅದನ್ನು ಇಕ್ಕಳದಿಂದ ಎಳೆದುಹಾಕಿ ವಾಷರ್ ಬದಲಿಸಲು ಕೂತ. ಒಂದು ಹನಿ ಬೆರಳಿಗೆ ತಾಗಿತು.

ಎಚ್ಚರವಾದಾಗ ನಲ್ಲಿ ಜೋಡಿಸಿಯಾಗಿತ್ತು, ಸೋರುತ್ತಿರಲಿಲ್ಲ. ಕೈಯಲ್ಲೊಂದು ವಾಷರ್ ಇತ್ತು. ಹಳೆಯದೋ ಹೊಸದೋ ತಿಳಿಯಲಿಲ್ಲ.

“ಆತೇನ್ರಿ?” ಹೆಂಡತಿ ನೀಲವ್ವ ಅಳುವ ಕೂಸನ್ನು ಎತ್ತಿಕೊಂಡು ಬಂದಳು.

“ಸೋರೂದು ನಿಂತೈತಿ.”

“ರಿಪೇರಿ ಆಗಿ ನಿಂತೈತೋ, ಟಾಕಿ ಖಾಲಿಯಾಗಿ ನಿಂತೈತೋ?”

ಅವನು ನಲ್ಲಿ ತಿರುಗಿಸಿದ. ಬರೀ ಗಾಳಿ ಬಂತು.

“ನಿಮ್ಮ ಕೈಗೆ ಇಕ್ಕಳ ಕೊಟ್ಟಾಕಿ ನಾನ ಹುಚ್ಚಿ!” ನೀಲವ್ವ ಸಿಟ್ಟಿನಲ್ಲಿ ನೆಲದ ಮೇಲಿದ್ದ ಆ ಒದ್ದೆ ಬಟ್ಟೆಯನ್ನೇ ಎತ್ತಿ ಕೂಸಿನ ಕಣ್ಣೊರೆಸಿದಳು.

ಕೂಸು ಮಲಗಿತು. ಅವಳೂ ಗೋಡೆಗೊರಗಿ ಜಾರಿ ಕೂತು ಗೊರಕೆ ಹೊಡೆದಳು. ಫಕೀರೇಶ ವಾಷರ್ ಹಿಡಿದು ನಿಂತೇ ಇದ್ದ. ತಾನು ಕೆಲಸ ಮಾಡಿದೆನೋ ಕೆಡಿಸಿದೆನೋ, ಹೇಳಲು ಯಾರೂ ಎಚ್ಚರವಿರಲಿಲ್ಲ.