ಹೊಳೆಗೆ ಬಿಟ್ಟ ಹಾಡಿನ ವಹಿ

ಕೆಲವು ವಿವರ ತಪ್ಪಿರಬಹುದು. ಆದರೂ ಲೋಬಾನದ ಹೊಗೆ ಮೂಗಿಗೆ ಬಡಿದಾಗಲೆಲ್ಲ ಹೊಸರಿತ್ತಿಯ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ.

ಮೊಹರಮ್ಮಿನ ಕೊನೆಯ ದಿನ ಲೋಬಾನದ ಧೂಪ ಹಾಕಿ ಹೊರಡಿಸಿದ ಅಲಾಯಿ ದೇವರ ಪಂಜಾಗಳ ಜೊತೆ ವರದಾ ಹೊಳೆಗೆ ಹೋಗಿದ್ದೆವು. ಒಕ್ಕಲುತನದ ನಮ್ಮಜ್ಜ ಪ್ರತಿವರ್ಷ ಹಸನ್-ಹುಸೇನರ ಹಾಡು ಹಾಡುತ್ತಿದ್ದ. ಅವನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದ. ಆ ದಿನ ಹೊಳೆಗಿಳಿದು ಅದನ್ನು ಹಣೆಗೊತ್ತಿಕೊಂಡು ನೀರಿಗೆ ಬಿಟ್ಟುಬಿಟ್ಟ. ನಾನು ಕಿರುಚಿದೆ. ಶಾಯಿ ನೀಲಿಯಾಗಿ ಹರಡಿತೋ, ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು.

"ಹಾಡವ್ರಿಲ್ಲದ ವಹಿ ಮನ್ಯಾಗ ಇಡಬಾರ್ದವ್ವ. ನಿಮ್ಮ ಕಾಕಾ ಹಾಡಾಕ ವಲ್ಲೆ ಅಂದಾನ," ಅಂದ ಅಜ್ಜ.

ನೀರಿಗಿಳಿಯಹೋದ ನನ್ನನ್ನು ಅತ್ತೆ ರಟ್ಟೆ ಹಿಡಿದು ಜಗ್ಗಿದಳು. "ಹುಚ್ಚಿ, ಹೆಣ್ಣಹುಡುಗಿಗೆ ಯಾಕ ಬೇಕ ಅದೆಲ್ಲ?"

ಒಂದೊಂದು ಹಾಡೂ ನನಗೆ ಬಾಯಿಪಾಠವಾಗಿತ್ತು.

"ಅಜ್ಜಾ, ನಾ ಹಾಡತಿದ್ನಲ್ಲ, ನನ್ನ ಯಾಕ ಕೇಳಲಿಲ್ಲ?" ಅಂದೆ.

ಅಜ್ಜ ಒದ್ದೆ ಧೋತರ ಹಿಂಡುತ್ತಲೇ ಇದ್ದ.