ಚಾರುವಿನ ಮೂರನೆಯ ಭೇಟಿ

ವಿಶ್ವವಿದ್ಯಾಲಯದ ಕಟ್ಟಡಗಳು ಮಾತು ಕಲಿತು, ವಿದ್ಯಾರ್ಥಿಗಳನ್ನು ತಾವೇ ಆರಿಸಿಕೊಳ್ಳತೊಡಗಿದ ಮೇಲೆ, ಮಕ್ಕಳನ್ನು ಒಂಬತ್ತನೆಯ ತರಗತಿಯಿಂದ ಭೇಟಿಗೆ ಕರೆದೊಯ್ಯುವುದು ವಾಡಿಕೆಯಾಗಿತ್ತು. ಒಬ್ಬರಿಗೆ ಮೂರೇ ಭೇಟಿ. ರುಕ್ಮಾಂಬ ಮಾತ್ರ ಮೊಮ್ಮಗಳು ಚಾರುವನ್ನು ಏಳನೆಯ ತರಗತಿಯಲ್ಲೇ ಕರೆತಂದಿದ್ದರು. ಬೇಗ ಹತ್ತಿದರೆ ಕಿಟಕಿ ಪಕ್ಕ ಜಾಗ ಸಿಗುತ್ತದೆಂಬ ಬಸ್ಸಿನ ಬುದ್ಧಿ ಅವರದು. ಹುಡುಗಿಗೆ ಈಗ ಹದಿನಾಲ್ಕು, ಇಂದು ಕೊನೆಯ ಭೇಟಿ.

ರುಕ್ಮಾಂಬ ಅವರ ಮಂಡಿನೋವು ನೆನಪಿಟ್ಟುಕೊಂಡಿದ್ದ ಕಟ್ಟಡ ಮೊದಲ ಮೆಟ್ಟಿಲನ್ನು ತಗ್ಗಿಸಿಕೊಟ್ಟಿತು.

"ಬನ್ನಿ ಅಮ್ಮ. ಏನಮ್ಮ ಚಾರು, ಏನು ಓದ್ಬೇಕು ಅಂತಿದೀಯ?"

"ಸಸ್ಯಶಾಸ್ತ್ರ," ಎಂದರು ರುಕ್ಮಾಂಬ. "ನಾನೂ ಅದೇ ಓದಿದ್ದು. ಪಾಚಿ ಅಂದ್ರೆ ಪ್ರಾಣ ಇವಳಿಗೆ."

ಪಾಚಿ ಅಂದರೆ ಪ್ರಾಣ ಯಾರಿಗೆಂದು ಮನೆಯ ಬೆಕ್ಕಿಗೂ ಗೊತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಅಮ್ಮ," ಎಂದಿತು ಕಟ್ಟಡ. "ನಿಮಗೆ ಹೋದ ಸಲಾನೇ ಸೀಟು ಕೊಟ್ಟಿದೀನಿ. ಇವಳ ದನಿ ಇನ್ನೂ ಕೇಳಿಲ್ಲ. ಇವತ್ತೂ ಕೇಳದಿದ್ರೆ ಕೈಬಿಡಬೇಕಾಗುತ್ತೆ."

"ಅವಳಿಗೆ ಸಂಕೋಚ..." ಎಂದು ಶುರುಮಾಡಿದ ರುಕ್ಮಾಂಬ ಅಲ್ಲಿಗೇ ನಿಲ್ಲಿಸಿದರು. ತಮ್ಮ ಬಾಯಿಯ ಮೇಲೆ ಅವರಿಗೆ ಎಂದೂ ನಂಬಿಕೆಯಿರಲಿಲ್ಲ. ಹಲ್ಲಿನ ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಬೊಚ್ಚುಬಾಯಿಗೆ ಸೆರಗು ಮುಚ್ಚಿಕೊಂಡರು.

ಚಾರು ಕಿಸಕ್ಕನೆ ನಕ್ಕಳು. ಆಮೇಲೆ ಕಟ್ಟಡದ ಕಡೆ ತಿರುಗಿ, "ನಂಗೆ ಪಾಚಿ ಕಂಡ್ರೆ ಆಗಲ್ಲ. ಸೇತುವೆ ಕಟ್ಟೋದು ಕಲಿಸ್ತೀರಾ?" ಎಂದಳು.

"ಕೂತ್ಕೊಂಡು ಹೇಳು," ಎನ್ನುತ್ತ ಕಟ್ಟಡ ಒಂದೇ ಒಂದು ಕುರ್ಚಿಯನ್ನು ಮುಂದೆ ಸರಿಸಿತು.